ಕೆಂಪು ಎಡಕ್ಕೋ, ಬಲಕ್ಕೋ?

ನಾನು ಚಿತ್ರದುರ್ಗದ ಕಡೆಯವನು. ನಮಗೆ ನೀರು ಅಂದ್ರೆ ವಾರಕ್ಕೆರಡು ಸಲ ನಲ್ಲಿಯಲ್ಲಿ ಬರೋದು, ಅಷ್ಟೇ. ನನ್ನವಳು ತುಮರಿಯವಳು, ಶರಾವತಿ ಹಿನ್ನೀರಿನ ಆಚೆ ದಡ. ಲಾಂಚ್ ಹತ್ತಿಯೇ ಸಾಗರದ ಕಾಲೇಜಿಗೆ ಹೋಗಿ ಬಂದವಳು. (ಅಲ್ಲಿ ಸೇತುವೆ ಆಗಿದ್ದು 2025ರ ಜುಲೈನಲ್ಲಿ.) ಇಂಥವಳಿಗೆ ನಾನು, "ಬೋಟ್ ನಾನು ಓಡಿಸ್ತೀನಿ, ನೀನು ಹೆದರಬೇಡ" ಅಂದಿದ್ದೆ!

ನಾವಿರುವುದು ಫ್ಲೋರಿಡಾದ ಜಾಕ್ಸನ್‌ವಿಲ್‌ನಲ್ಲಿ. ಆಫೀಸಿಗೆ ಹೋಗುವಾಗ ದಿನಾ ಸೇಂಟ್ ಜಾನ್ಸ್ ನದಿಯ ಸೇತುವೆ ದಾಟುತ್ತೇನೆ. ಸುಮಾರು 500 ಕಿಲೋಮೀಟರ್ ಉದ್ದದ ಈ ನದಿ ದಕ್ಷಿಣದಿಂದ ಉತ್ತರಕ್ಕೆ ಹರಿಯುತ್ತೆ. ಅಷ್ಟು ದೂರಕ್ಕೂ ಇಳಿಜಾರು ಒಟ್ಟು 9 ಮೀಟರಿಗಿಂತ ಕಡಿಮೆ. ಹಾಗಾಗಿ ನೀರು ಯಾವ ಕಡೆ ಹೋಗ್ತಿದೆ ಅಂತ ನೋಡಿದರೆ ಗೊತ್ತಾಗಲ್ಲ. ಇದನ್ನೆಲ್ಲ ನನಗೆ ಹೇಳಿದವಳು ಅವಳೇ. ನಾನು ಹೂಂ ಹೂಂ ಅಂದಿದ್ದೆ.

ಇಲ್ಲಿ 1988ರಲ್ಲಿ ಅಥವಾ ಆಮೇಲೆ ಹುಟ್ಟಿದವರು 10 ಅಶ್ವಶಕ್ತಿ ಅಥವಾ ಅದಕ್ಕಿಂತ ದೊಡ್ಡ ಮೋಟಾರಿನ ದೋಣಿ ಓಡಿಸಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕು. ನಾನು ಆಫೀಸಿನ ಕಡ್ಡಾಯ ಟ್ರೈನಿಂಗ್ ಮುಗಿಸುವ ಹಾಗೆ ನೆಕ್ಸ್ಟ್ ನೆಕ್ಸ್ಟ್ ಒತ್ತಿ ಮುಗಿಸಿದೆ. ಅವಳು ನೋಟ್ಸ್ ಮಾಡಿಕೊಂಡು ಓದಿದಳು. "ಎಷ್ಟೋ ದಿನ ಆಯ್ತು ಕಣೋ ಹೀಗೆ ಓದಿ" ಅಂದಳು. ಬೆಂಗಳೂರಲ್ಲಿ ಟೆಸ್ಟಿಂಗ್ ಲೀಡ್ ಆಗಿದ್ದವಳು. ನನ್ನ ಗ್ರೀನ್ ಕಾರ್ಡ್ ಕಡತ ಮುಂದಿನ ಹಂತ ತಲುಪುವವರೆಗೂ ಎಚ್-4 ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ. ಎರಡು ವರ್ಷದಿಂದ ಮನೆಯಲ್ಲೇ ಇದ್ದಾಳೆ.

ಮಾರ್ಚ್ ತಿಂಗಳ ಒಂದು ಶನಿವಾರ ಆಸ್ಟರ್ ಅನ್ನೋ ಊರಲ್ಲಿ ಪಾಂಟೂನ್ ಬಾಡಿಗೆಗೆ ತಗೊಂಡೆವು. ಎರಡು ಅಲ್ಯುಮಿನಿಯಂ ಕೊಳವೆ, ಅದರ ಮೇಲೆ ಜಗಲಿ ಇಟ್ಟ ಹಾಗೆ ಇರುತ್ತೆ. ಉತ್ತರಕ್ಕೆ ಜಾರ್ಜ್ ಸರೋವರ ದಾಟಿ, ಅದರ ಪಶ್ಚಿಮ ದಡದ ಸಿಲ್ವರ್ ಗ್ಲೆನ್ ಬುಗ್ಗೆ ಸೇರೋದು ನಮ್ಮ ಪ್ಲಾನು. ಅವಳು ಚಿತ್ರಾನ್ನ ಕಟ್ಟಿಕೊಂಡಿದ್ದಳು.

ದಾರಿ ತೋರಿಸೋಕೆ ನೀರಲ್ಲಿ ಕೆಂಪು, ಹಸಿರು ಗುರುತಿನ ಕಂಬಗಳು. ಸಮುದ್ರದಿಂದ ಒಳಗೆ ಬರುವಾಗ ಕೆಂಪು ಬಲಕ್ಕಿರಬೇಕು ಅನ್ನೋದು ನಿಯಮ.

"ಕೆಂಪು ಎಡಕ್ಕೆ ಬರಬೇಕು" ಅಂದಳು.

"ನಕ್ಷೆ ನೋಡು, ಮೇಲಕ್ಕೆ ಹೋಗ್ತಿದೀವಿ. ಕೆಂಪು ಬಲಕ್ಕೆ."

"ಸಮುದ್ರ ಇರೋದು ಜಾಕ್ಸನ್‌ವಿಲ್ ಹತ್ರ. ನಾವು ಸಮುದ್ರದ ಕಡೆಗೆ ಹೋಗ್ತಿದೀವಿ."

"ಸುಮ್ನಿರು ಮಾರಾಯ್ತಿ, ಓಡಿಸ್ತಿರೋದು ನಾನು."

ಸರೋವರದ ಬಾಯಲ್ಲಿ ವೊಲೂಸಿಯಾ ಬಾರ್ ಅಂತ ಮರಳ ದಿಬ್ಬ ಇದೆ. ಕೆಂಪು ಕಂಬವನ್ನು ಬಲಕ್ಕೆ ಬಿಟ್ಟು ಅದರ ಆಚೆ ಹೋದೆ. ದರ್ ಅಂತ ಶಬ್ದ. ದೋಣಿ ನಿಂತೇಬಿಟ್ಟಿತು. ನಾನು ಇನ್ನೂ ಜೋರಾಗಿ ಆಕ್ಸಲರೇಟರ್ ಕೊಟ್ಟೆ. ಅವಳು ಕೈ ಚಾಚಿ ಇಂಜಿನ್ ಆಫ್ ಮಾಡಿದಳು. ಅದು ತಣ್ಣಗಾಗಲು ಕೆಳಗಿನ ನೀರನ್ನೇ ಹೀರುತ್ತಂತೆ, ನಾನು ಮರಳು ಕುಡಿಸ್ತಿದ್ದೆ. ಇಳಿದು ತಳ್ಳೋಣ ಅಂದರೆ, ಬರುವಾಗ ದಡದಲ್ಲಿ ಮೊಸಳೆ ನೋಡಿದ್ದೆವು!

"ನೀನು ಹಿಂದೆ ಬಾ, ಮೂತಿ ಹಗುರಾಗ್ಲಿ" ಅಂತ ಹೇಳಿ ಮೋಟಾರನ್ನು ಸ್ವಲ್ಪ ಮೇಲೆತ್ತಿದಳು. ನಾನು ಹುಟ್ಟು ಊರಿ ಒತ್ತಿದೆ, ಅವಳು ನಿಧಾನಕ್ಕೆ ರಿವರ್ಸ್ ತಗೊಂಡಳು. ಹತ್ತು ನಿಮಿಷ ಒದ್ದಾಡಿದ ಮೇಲೆ ದೋಣಿ ಬಿಡಿಸಿಕೊಂಡಿತು. ಅವಳು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ಸ್ಟೀರಿಂಗ್ ಬಿಟ್ಟುಕೊಡಲೂ ಇಲ್ಲ :)

ನದಿ ನೀರು ಕರೀ ಟೀ ಬಣ್ಣ, ಕೊಳೆತ ಎಲೆಗಳ ರಸ. ಬುಗ್ಗೆಯ ಕಾಲುವೆಗೆ ತಿರುಗಿದ ಮೇಲೆ ಆ ಟೀ ತಿಳಿಯಾಗುತ್ತಾ ಹೋಗಿ ತಳದ ಹುಲ್ಲು, ಮೀನು ಎಲ್ಲ ಕಂಡವು. ಮಳೆನೀರು ಸುಣ್ಣಕಲ್ಲಿನೊಳಗೆ ಇಳಿದು, ಸೋಸಿ, ಎಷ್ಟೋ ವರ್ಷದ ಮೇಲೆ ಇಲ್ಲಿ ಉಕ್ಕುತ್ತೆ. ವರ್ಷವಿಡೀ ಸುಮಾರು 23 ಡಿಗ್ರಿ. ಸೆಕೆಂಡಿಗೆ 2800 ಲೀಟರಿಗಿಂತ ಹೆಚ್ಚು ನೀರು ಕೊಟ್ಟರೆ ಮೊದಲ ದರ್ಜೆಯ ಬುಗ್ಗೆ ಅಂತಾರೆ. ಇದು ಆ ಸಾಲಿನದು. ನಮ್ಮೂರಿನ ಬೋರ್‌ವೆಲ್‌ಗಳು ನೆನಪಾಗಿ ಹೊಟ್ಟೆ ಉರಿಯಿತು.

ಲಂಗರು ಹಾಕಿ ಚಿತ್ರಾನ್ನ ತಿಂದೆವು. ಕಾಲು ನೀರಿಗೆ ಇಳಿಬಿಟ್ಟು ಕೂತಿದ್ದಾಗ ಅವಳಂದಳು: "ಎರಡು ವರ್ಷದಲ್ಲಿ ಇವತ್ತೇ ನೋಡು, ಏನೋ ಕೆಲಸ ಮಾಡಿದೆ ಅನ್ನಿಸ್ತಿರೋದು."

ದೂರು ಹೇಳೋ ಧಾಟಿಯಲ್ಲಿ ಅಲ್ಲ, ಖುಷಿಯಲ್ಲೇ ಹೇಳಿದಳು. ನನಗೆ ಅದೇ ಹೆಚ್ಚು ಚುಚ್ಚಿತು. ಊರಿಗೆ ವಾಪಸ್ ಹೋಗೋ ಮಾತು ಅವಳು ಎಷ್ಟೋ ಸಲ ಎತ್ತಿದ್ದಳು. ಪ್ರತಿ ಸಲವೂ ನಾನು ರಿಲೀಸ್ ಇದೆ, ಬೋನಸ್ ಬರಲಿ ಅಂತ ಜಾರಿಕೊಂಡಿದ್ದೆ. ಸುಮ್ನಿರು, ಓಡಿಸ್ತಿರೋದು ನಾನು ಅಂತ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಸಂಜೆ ವಾಪಸ್ ಬರುವಾಗಲೂ ಓಡಿಸಿದ್ದು ಅವಳೇ. ಈ ಸಲ ಪ್ರವಾಹಕ್ಕೆ ಎದುರಾಗಿ ದಕ್ಷಿಣಕ್ಕೆ, ಕೆಂಪು ಬಲಕ್ಕೆ. ದೋಣಿ ಕಟ್ಟುವಾಗ ಬಾಡಿಗೆಯವನು, ಕ್ಯಾಪ್ಟನ್ ಎಲ್ಲಿ ಸಹಿ ಮಾಡಲಿ ಅಂದ. ನಾನು ಅವಳ ಕಡೆ ಕೈ ತೋರಿಸಿದೆ.

ಮನೆಗೆ ಬರುವ ದಾರಿಯಲ್ಲಿ ಕಾರಲ್ಲಿ ಆ ಮಾತು ನಾನೇ ಎತ್ತಿದೆ. ಇನ್ನೂ ಏನೂ ತೀರ್ಮಾನ ಆಗಿಲ್ಲ. ಸದ್ಯಕ್ಕೆ ಇಬ್ಬರೂ ಕೂತು ಲೆಕ್ಕ ಹಾಕ್ತಿದೀವಿ.

ನೀವೂ ಆ ಕಡೆ ಹೋಗೋದಾದರೆ ಸಮುದ್ರ ಯಾವ ಕಡೆ ಅಂತ ಮೊದಲು ತಿಳ್ಕೊಳ್ಳಿ. ಗೊತ್ತಿರುವವರು ಪಕ್ಕದಲ್ಲೇ ಇದ್ದರೆ ಅವರನ್ನೇ ಕೇಳಿ.