ಕೆಂಪಿ ಇಟ್ಟ ಚಿಪ್ಪಿಲ್ಲದ ಮೊಟ್ಟೆ

ಬೆಳಿಗ್ಗೆ ಹತ್ತರ ಸ್ಟ್ಯಾಂಡಪ್ ಮೀಟಿಂಗ್ ನಡೀತಿದ್ದಾಗ ಅಮ್ಮನ ವಿಡಿಯೋ ಕಾಲ್ ಬಂತು. ಆ ಹೊತ್ತಲ್ಲಿ ಅವಳು ಫೋನ್ ಮಾಡೋದೇ ಇಲ್ಲ. ಜನವರಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದಳು, ಮತ್ತೆ ಏನಾಯ್ತೋ ಅಂತ ಎದೆ ಧಸಕ್ ಅಂದಿತು. ಮೀಟಿಂಗ್ ಮ್ಯೂಟ್ ಮಾಡಿ ಎತ್ತಿದೆ. ಪರದೆ ತುಂಬ ಅವಳ ಅಂಗೈ. ಅದರ ಮೇಲೆ ನೀರು ತುಂಬಿದ ಬಲೂನಿನಂಥದ್ದೇನೋ ಅಲ್ಲಾಡ್ತಿತ್ತು.

"ಕೆಂಪಿ ಇಟ್ಟಿದ್ದು ಕಣೋ. ಮೊದಲನೇ ಮೊಟ್ಟೆ. ಚಿಪ್ಪೇ ಇಲ್ಲ!"

ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಹತ್ತಿರದ ನಮ್ಮೂರಲ್ಲಿ ಅಮ್ಮ ಒಬ್ಬಳೇ. ಬೆಂಗಳೂರಿಗೆ ಬಾ ಅಂದ್ರೆ ಬರ್ತಾಳೆ, ಮೂರನೇ ದಿನಕ್ಕೆ ಬ್ಯಾಗು ಹಿಡೀತಾಳೆ. ಮನೇಲಿ ಸದ್ದು ಅಂತ ಒಂದಿರಲಿ ಅಂತ ನವೆಂಬರಿನಲ್ಲಿ ಐದು ಗಿರಿರಾಜ ಮರಿ ತಂದುಕೊಟ್ಟಿದ್ದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಲ್ಲಿ ಸಾಕೋಕೆ ಅಂತಲೇ ಅಭಿವೃದ್ಧಿಪಡಿಸಿದ ತಳಿ ಅದು. ಎರಡು ಹುಂಜ ಆದವು, ಮೂರು ಹೇಂಟೆ. ಮೂರಕ್ಕೂ ಅಮ್ಮ ಹೆಸರಿಟ್ಟಳು. ಹೆಸರಿಟ್ಟ ಮೇಲೆ ಅವು ಕೋಳಿ ಆಗಿ ಉಳಿಯೋಲ್ಲ ಅನ್ನೋದು ನನಗೆ ಆಮೇಲೆ ಗೊತ್ತಾಯ್ತು.

ಪಕ್ಕದ ಮನೆ ಅಜ್ಜಿ ಬಂದು ನೋಡಿ, "ಇಂಥದ್ದನ್ನ ಮನೇಲಿ ಇಟ್ಕೋಬಾರದು ಕಣಮ್ಮ, ಭಾನುವಾರಕ್ಕೆ ಸಾರು ಮಾಡಿಬಿಡು" ಅಂದಿದ್ದರಂತೆ. ಅಮ್ಮ ನನ್ನ ಕೇಳಿದ್ದು ಇಷ್ಟೇ: "ಕೆಂಪಿಗೆ ಏನಾದ್ರೂ ಕಾಯಿಲೆನಾ?"

ಗೊತ್ತಿಲ್ಲ ಅಂದೆ. ಆದ್ರೆ ಭಾನುವಾರದವರೆಗೆ ಸಾರು ಬೇಡ, ನಾನೇ ಬರ್ತೀನಿ ಅಂದೆ.

ಅವತ್ತು ಸಂಜೆ ಓದೋಕೆ ಕೂತವನು ರಾತ್ರಿ ಹನ್ನೆರಡಾದ್ರೂ ಏಳಲಿಲ್ಲ. ಒಂದು ಮೊಟ್ಟೆ ತಯಾರಾಗೋಕೆ ಹೆಚ್ಚು ಕಡಿಮೆ 24ರಿಂದ 26 ಗಂಟೆ ಬೇಕು. ಹಳದಿ ಭಂಡಾರ ಬಿಡುಗಡೆಯಾಗಿ ಅಂಡನಾಳಕ್ಕೆ ಇಳಿಯುತ್ತೆ, ಮೂರು ಗಂಟೆಯಲ್ಲಿ ಸುತ್ತ ಬಿಳಿ ಲೋಳೆ ಸೇರುತ್ತೆ, ಮುಂದಿನ ಒಂದು ಗಂಟೆ ಚಿಲ್ಲರೆಯಲ್ಲಿ ತೆಳು ಪೊರೆ. ಅಮ್ಮನ ಅಂಗೈ ಮೇಲಿದ್ದದ್ದು ಅಲ್ಲಿಯವರೆಗಿನ ಕೆಲಸ. ಉಳಿದ ಸುಮಾರು 20 ಗಂಟೆ ಪೂರ್ತಿ ಚಿಪ್ಪಿಗೇ ಹೋಗುತ್ತೆ. ಹೊಸದಾಗಿ ಮೊಟ್ಟೆಗೆ ಬಂದ ಹೇಂಟೆಯ ದೇಹಕ್ಕೆ ಈ ಸರಣಿಯ ತಾಳ ಇನ್ನೂ ಕೂತಿರೋಲ್ಲ. ಕೆಲವು ಸಲ ಚಿಪ್ಪು ಕಟ್ಟೋ ಮೊದಲೇ ಮೊಟ್ಟೆ ಹೊರಗೆ ಬಂದುಬಿಡುತ್ತೆ. ಕೆಲವು ಸಲ ಎರಡು ಹಳದಿ ಒಟ್ಟಿಗೆ ಇಳಿದು ಜೋಡಿ ಭಂಡಾರದ ಮೊಟ್ಟೆ ಆಗುತ್ತೆ, ಕೆಲವು ಸಲ ಹಳದಿಯೇ ಇಲ್ಲದ ನಿಂಬೆಹಣ್ಣಿನ ಗಾತ್ರದ್ದು. ಟೆಸ್ಟಿಂಗ್ ಮುಗಿಯೋ ಮೊದಲೇ ಪ್ರೊಡಕ್ಷನ್‌ಗೆ ಹೋದ ಕೋಡ್ ಅಂದುಕೊಳ್ಳಿ. ನನ್ನ ಮೊದಲ ವರ್ಷದ ಕೆಲಸ ನೋಡಿದವರು ಕೆಂಪಿಯನ್ನ ಬೈಯೋಲ್ಲ.

ಇಷ್ಟಕ್ಕೆ ನಿಲ್ಲಿಸಿದ್ರೆ ನಿರಾಳವಾಗಿ ಮಲಗಬಹುದಿತ್ತು. ಆದ್ರೆ ಕ್ಯಾಲ್ಸಿಯಂ ಲೆಕ್ಕ ಹಾಕಿದೆ. ಒಂದು ಚಿಪ್ಪಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತೆ. ನಾವು ಕುಡಿಯೋ ಹಾಲಿನ ಲೆಕ್ಕದಲ್ಲಿ ಎಂಟು ಲೋಟ. ಮೊಟ್ಟೆ ಇಡೋ ಕೋಳಿಗೆ ಕೊಡೋ ಲೇಯರ್ ಫೀಡ್‌ನಲ್ಲಿ ಕ್ಯಾಲ್ಸಿಯಂ ಶೇಕಡ 3.5ರಿಂದ 4 ಇರುತ್ತೆ, ಬೆಳೆಯೋ ಕೋಳಿಯ ಗ್ರೋವರ್ ಫೀಡ್‌ನಲ್ಲಿ ಸುಮಾರು ಶೇಕಡ 1. ದಿನಕ್ಕೆ ನೂರು ಗ್ರಾಂ ಗ್ರೋವರ್ ಫೀಡ್ ತಿಂದ್ರೆ ಸಿಗೋದು ಒಂದೇ ಗ್ರಾಂ, ಮೈಗೆ ಹತ್ತೋದು ಅದಕ್ಕಿಂತ ಕಡಿಮೆ.

ಅಮ್ಮನ ಮನೇಲಿ ಇದ್ದದ್ದು ಗ್ರೋವರ್ ಫೀಡ್. ಅಗ್ಗಕ್ಕೆ ಸಿಕ್ತು ಅಂತ ದೊಡ್ಡ ಚೀಲ ತಂದು, "ಇದು ಖಾಲಿಯಾಗೋ ತನಕ ಬೇರೆ ತರಬೇಡ" ಅಂತ ಅಪ್ಪಣೆ ಕೊಟ್ಟವನು ನಾನೇ.

ಹಾಗಾದ್ರೆ ಬಾಕಿ ಕ್ಯಾಲ್ಸಿಯಂ ಎಲ್ಲಿಂದ ಬರುತ್ತೆ? ಮೂಳೆಯಿಂದ. ಮೊದಲ ಮೊಟ್ಟೆಗೆ ಎರಡು ವಾರ ಮುಂಚೆಯೇ ಹೇಂಟೆಯ ಕಾಲಿನ ಮೂಳೆಗಳ ಒಳಗೆ ಕ್ಯಾಲ್ಸಿಯಂ ಉಳಿತಾಯ ಶುರುವಾಗುತ್ತೆ. ಚಿಪ್ಪು ಕಟ್ಟೋದು ಬಹುಪಾಲು ರಾತ್ರಿ, ಕೋಳಿ ಏನೂ ತಿನ್ನದೆ ಗೂಡಲ್ಲಿ ಕೂತಿರುವಾಗ. ಆಗ ಆ ಉಳಿತಾಯದಿಂದ ತೆಗೆಯುತ್ತೆ. ಹಗಲು ತಿಂದದ್ದರಲ್ಲಿ ಅದು ವಾಪಸ್ ತುಂಬದಿದ್ರೆ ಮೊಟ್ಟೆ ಇಡ್ತಾ ಇಡ್ತಾ ಮೂಳೆಯೇ ಸವೆಯುತ್ತೆ. ಈ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿದೆ.

ಶನಿವಾರ ಊರಿಗೆ ಹೋದೆ. ಏಪ್ರಿಲ್ ಬಿಸಿಲು, ಮೂರೂ ಹೇಂಟೆ ತೆಂಗಿನ ಮರದ ಬುಡದಲ್ಲಿ ಬಾಯಿ ತೆರೆದು ಏದುಸಿರು ಬಿಡ್ತಿದ್ದವು. ಇದೂ ಒಂದು ಕಾರಣವೇ. ಕೋಳಿಗೆ ಬೆವರು ಬರೋಲ್ಲ, ಏದುಸಿರಲ್ಲೇ ಮೈ ತಣಿಸಿಕೊಳ್ಳುತ್ತೆ. ಹಾಗೆ ಮಾಡುವಾಗ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಟುಹೋಗಿ ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ಕಡಿಮೆ ಬೀಳುತ್ತೆ. ನೆರಳಿಗೆ ತೆಂಗಿನ ಗರಿ ಕಟ್ಟಿ, ಎರಡು ಕಡೆ ತಣ್ಣೀರು ಇಟ್ಟೆ. ಹೇಂಟೆಗಳಿಗೆ ಲೇಯರ್ ಫೀಡ್ ತಂದೆ, ಜೊತೆಗೆ ಒಡೆದ ಕಪ್ಪೆಚಿಪ್ಪಿನ ಒಂದು ಪ್ಯಾಕೆಟ್. ಚಿಪ್ಪನ್ನ ಫೀಡ್ ಜೊತೆ ಕಲಸದೆ ಬೇರೆ ತಟ್ಟೇಲಿ ಇಟ್ರೆ ಸಾಕು, ಬೇಕಾದವು ಬೇಕಾದಷ್ಟು ತಿನ್ನುತ್ತವೆ. ಹುಂಜಗಳಿಗೆ ಅಷ್ಟು ಕ್ಯಾಲ್ಸಿಯಂ ಬೇಕಾಗಿಲ್ಲ. ಚಿಕ್ಕ ಮರಿಗಳಿಗಂತೂ ಲೇಯರ್ ಫೀಡ್ ಕೊಡಲೇಬಾರದು, ಮೂತ್ರಪಿಂಡಕ್ಕೆ ಪೆಟ್ಟು.

ಪಶುವೈದ್ಯರಿಗೂ ಫೋನ್ ಮಾಡಿದ್ದೆ. ಶುರುವಿನ ಕೆಲವು ವಾರ ಒಂದೆರಡು ಹೀಗೆ ಬಂದ್ರೆ ಹೆದರಬೇಡಿ, ಆದ್ರೆ ದಿನಾ ಹೀಗೇ ಆದ್ರೆ, ಚಿಪ್ಪು ಸುಕ್ಕುಗಟ್ಟಿ ಒಳಗಿನ ಬಿಳಿ ನೀರಾಗಿದ್ರೆ, ಕೋಳಿ ಗೊರಗೊರ ಉಸಿರಾಡಿದ್ರೆ ಕರೆದುಕೊಂಡು ಬನ್ನಿ ಅಂದ್ರು. ಚಿಪ್ಪಿಲ್ಲದ್ದನ್ನ ಕಂಡ ತಕ್ಷಣ ಗೂಡಿಂದ ತೆಗೀರಿ, ಒಂದು ಸಲ ರುಚಿ ಹತ್ತಿದ್ರೆ ಒಳ್ಳೇ ಮೊಟ್ಟೆಯನ್ನೂ ಕುಕ್ಕಿ ತಿನ್ನುತ್ತವೆ ಅಂತಲೂ ಹೇಳಿದ್ರು.

ಕಪ್ಪೆಚಿಪ್ಪಿನ ಪ್ಯಾಕೆಟ್ ಇಡೋಕೆ ಅಡುಗೆಮನೆ ಗೂಡಿಗೆ ಕೈ ಹಾಕಿದೆ. ಸಕ್ಕರೆ ಡಬ್ಬಿ ಹಿಂದೆ ಅಮ್ಮನ ಕ್ಯಾಲ್ಸಿಯಂ ಮಾತ್ರೆ ಇದ್ದವು. ಮೂಳೆ ಸವೆದಿದೆ ಅಂತ ಡಾಕ್ಟರು ಜನವರಿಯಲ್ಲಿ ಬರೆದುಕೊಟ್ಟಿದ್ದು. ಎರಡೇ ಮಾತ್ರೆ ಖರ್ಚಾಗಿತ್ತು.

"ಉಷ್ಣ ಕಣೋ ಅದು" ಅಂದಳು. ನಾನು ಸುಮ್ಮನಿದ್ದೆ. ದಿನಾ ಸಂಜೆ ಫೋನಲ್ಲಿ ಕೋಳಿ ಏನು ತಿಂತು ಅಂತ ಕೇಳ್ತಿದ್ದವನು ನಾನು.

ಆಮೇಲೆ ಮಾತಾಡಿಕೊಂಡ್ವಿ. ರಾತ್ರಿ ಊಟ ಆದ ಮೇಲೆ ನುಂಗೋದು, ಉಷ್ಣ ಅನ್ನಿಸಿದ್ರೆ ಜೊತೆಗೆ ಮಜ್ಜಿಗೆ.

ಮೂರು ವಾರ ಆಯ್ತು. ಮಧ್ಯೆ ಗೌರಿ ಒಂದು ಜೋಡಿ ಭಂಡಾರದ್ದು ಇಟ್ಟಳು, ಕೆಂಪಿ ಇನ್ನೊಂದು ಮೆತ್ತನೆಯದು ಇಟ್ಟಳು. ಅಜ್ಜಿ ಸಾರಿನ ಮಾತು ಬಿಟ್ಟಿದ್ದಾರೆ. ನಿನ್ನೆ ಮತ್ತೆ ಸ್ಟ್ಯಾಂಡಪ್ ಹೊತ್ತಿಗೇ ಅಮ್ಮನ ಕಾಲ್. ಕಂದು ಬಣ್ಣದ ಮೊಟ್ಟೆಯೊಂದನ್ನ ಫೋನಿನ ಹತ್ತಿರ ಹಿಡಿದು ಉಗುರಲ್ಲಿ ಟಕ್ ಟಕ್ ಅಂತ ಬಡಿದಳು.

"ಕೇಳಿಸ್ತಾ?"

"ಕೇಳಿಸ್ತು. ನಿನ್ನ ಮಾತ್ರೆ?"

"ನಿನಗೆ ಮೀಟಿಂಗ್ ಇಲ್ವೇನೋ?" ಅಂತ ಫೋನ್ ಇಟ್ಟಳು.