ಠಾಣೆಯ ನುಡಿಗಳು

ನನ್ನಲ್ಲಿ ಏಳನೆಯ ತರಗತಿ ಓದಿ, ಈಗ ಪೊಲೀಸ್ ಇಲಾಖೆಯಲ್ಲಿರುವ ಶಿಷ್ಯನೊಬ್ಬನು ಈಚೆಗೆ ಮನೆಗೆ ಬಂದಿದ್ದನು. "ಸಾರ್, ಪೇದೆ ಎಂದರೆ ಬಡಪಾಯಿ ಎಂದು ಅರ್ಥವೇ? ಬಳ್ಳಾರಿಯಲ್ಲಿದ್ದಾಗ ತೆಲುಗಿನವರು ನಗುತ್ತಿದ್ದರು" ಎಂದು ಕೇಳಿದನು. ತೆಲುಗಿನಲ್ಲಿ 'ಪೇದ' ಎಂದರೆ ಬಡವನೆಂಬುದು ನಿಜ. ಆದರೆ ನಮ್ಮ ಪೇದೆ ಅಲ್ಲಿಂದ ಬಂದವನಲ್ಲ. ಪಾರಸಿಯ 'ಪಿಯಾದಾ', ಅಂದರೆ ಕಾಲಾಳು, ಅವನ ಮೂಲ; ಸಂಸ್ಕೃತದ 'ಪದಾತಿ'ಗೆ ಅವನು ದಾಯಾದಿ. ಹಿಂದಿಯವರು ಚದುರಂಗದಲ್ಲಿ ಮುಂದಕ್ಕೆ ನೂಕುವ 'ಪ್ಯಾದಾ'ನೂ ಅವನೇ. "ಮೊದಲು ಸಾಯುವವನೂ ಅವನೇ ಅಲ್ಲವೇ ಸಾರ್" ಎಂದು ಶಿಷ್ಯನು ನಕ್ಕನು.

ಅವನು ಹೋದ ಮೇಲೂ ಈ ಪದಗಳ ಗುಂಗು ಬಿಡಲಿಲ್ಲ. ಪೊಲೀಸರ 'ಮಹಜರು' ಮತ್ತು ನಾನು ದಿನವೂ ಕರೆಯುತ್ತಿದ್ದ 'ಹಾಜರಿ' ಒಂದೇ ಅರಬ್ಬಿ ಧಾತುವಿನ ಮಕ್ಕಳು; ಎದುರಿಗಿರುವುದು ಎಂಬುದೇ ಎರಡರ ತಿರುಳು. 'ದಸ್ತಗಿರಿ'ಯಂತೂ ಇನ್ನೂ ಸೋಜಿಗ. ಪಾರಸಿಯಲ್ಲಿ ಅದು ಕೈಹಿಡಿಯುವುದು. ಸೆರೆಹಿಡಿಯಲೂ ಅದೇ, ಬಿದ್ದವನನ್ನು ಎತ್ತಲೂ ಅದೇ. ನಮ್ಮ ಕಡೆಯ ಮುಸಲ್ಮಾನ ಮನೆಗಳಲ್ಲಿ ಮಕ್ಕಳಿಗಿಡುವ ದಸ್ತಗೀರ್ ಎಂಬ ಹೆಸರು ಎರಡನೆಯ ಅರ್ಥದ್ದು.

ಬೀದಿಯ ಮಾತಿಗೆ ಬರೋಣ. 'ಕೇಡಿ' ಎಂಬುದು ಕೇಡು ಮಾಡುವವನೆಂಬ ಅಚ್ಚಗನ್ನಡ ಪದ. ಆದರೆ ಮದರಾಸು ಪ್ರಾಂತದ ಪೊಲೀಸರ ದಫ್ತರದಲ್ಲಿ 'ಕೆ.ಡಿ.' ಎಂದರೆ 'ನೋನ್ ಡೆಪ್ರಡೇಟರ್', ಗುರುತು ಸಿಕ್ಕ ಲೂಟಿಗಾರ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದರಾಸಿನಲ್ಲಿದ್ದವು. ಅಲ್ಲಿ ಬೈಗುಳದ ಕೇಡಿ ಯಾವ ಕಡೆಯವನೆಂದು ಬೇರ್ಪಡಿಸುವುದು ಕಷ್ಟ. 'ಫೋರ್ ಟ್ವೆಂಟಿ' 1860ರ ದಂಡಸಂಹಿತೆಯ ಕಲಮು; 1955ರಲ್ಲಿ ರಾಜ್ ಕಪೂರ್ ಅದನ್ನು ಚಿತ್ರದ ಹೆಸರಿಗೇ ಏರಿಸಿದರು. 2024ರ ಜುಲೈ 1ರಿಂದ ಮೋಸವು 318ನೆಯ ಕಲಮಿಗೆ ಹೋಗಿದೆ. "ಅವನೊಬ್ಬ ತ್ರೀ ಏಟೀನ್" ಎಂದು ಬೈದವರನ್ನು ನಾನಿನ್ನೂ ಕಂಡಿಲ್ಲ!

ನಗು ನಿಲ್ಲುವುದು 'ಮಾಮೂಲಿ'ನಲ್ಲಿ. ಅರಬ್ಬಿಯಲ್ಲಿ ಅದಕ್ಕೆ ರೂಢಿಯಲ್ಲಿರುವುದು ಎಂದರ್ಥ. ಅಮಲು, ಅಮಲ್ದಾರ ಅದರ ಬಂಧುಗಳು. ಲಂಚ ಎನ್ನಲು ನಾಲಿಗೆ ತಡವರಿಸುತ್ತದೆ, ಮಾಮೂಲು ಎನ್ನಲು ತಡವರಿಸುವುದಿಲ್ಲ. ಕೊಡುವ ತಳ್ಳುಗಾಡಿಯವನೂ ಹಾಗೆಯೇ ಅನ್ನುತ್ತಾನೆ, ಅದು ಬಾಡಿಗೆಯೋ ಕಂದಾಯವೋ ಎಂಬಂತೆ.

ಅದಕ್ಕಿಂತ ಕೆಟ್ಟದ್ದು 'ಏರೋಪ್ಲೇನ್ ಹತ್ತಿಸುವುದು'. ಕೇಳಿದರೆ ಮಕ್ಕಳಾಟದಂತಿದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಹಗ್ಗದಿಂದ ಮೇಲಕ್ಕೆ ತೂಗುಹಾಕುವ ಕ್ರಿಯೆಗೆ ಆ ಹೆಸರು; ಭುಜದ ಕೀಲು ತಪ್ಪುತ್ತದೆ. ಪತ್ತೇದಾರಿ ಕಾದಂಬರಿಗಳಲ್ಲಿ ಓದಿ ಚಪ್ಪರಿಸಿದ ನಾವು ಆ ಮಾತನ್ನು ಮನೆಯ ಹಜಾರದಲ್ಲೂ ಆಡುತ್ತೇವೆ. ಡಿ.ಕೆ. ಬಸು ಪ್ರಕರಣದ ತೀರ್ಪಿನಲ್ಲಿ, 1996ರ ಡಿಸೆಂಬರಿನಲ್ಲಿ, ಸುಪ್ರೀಂ ಕೋರ್ಟು ಇಂಥದ್ದನ್ನು ಚಿತ್ರಹಿಂಸೆ ಎಂದೇ ಕರೆಯಿತು. ಬಂಧಿತನ ಸುದ್ದಿಯನ್ನು ಬಂಧುಗಳಿಗೋ ಆಪ್ತರಿಗೋ ಮುಟ್ಟಿಸಬೇಕು, 48 ಗಂಟೆಗೊಮ್ಮೆ ವೈದ್ಯರು ಅವನನ್ನು ಪರೀಕ್ಷಿಸಬೇಕು ಎಂದು ವಿಧಿಸಿ, ಆ ಸೂಚನೆಗಳನ್ನು ಪ್ರತಿಯೊಂದು ಠಾಣೆಯಲ್ಲೂ ಎದ್ದು ಕಾಣುವ ಕಡೆ ಹಾಕಬೇಕೆಂದೂ ಹೇಳಿತು.