ಬರೀ ಕಿವಿಯಲ್ಲಿ ನಾನೂರು ಕಿಲೋಮೀಟರ್

ಬೆಳಗಿನ ಜಾವ ಮೂರೂ ಮುಕ್ಕಾಲು. ಸೀಬಿ ಈಗಷ್ಟೇ ಹಿಂದಾಯಿತು. ಗೋಡೆ, ಛಾವಣಿಗಳ ಚಿತ್ರಗಳಿಗೆ ಹೆಸರಾದ ನರಸಿಂಹಸ್ವಾಮಿ ದೇವಸ್ಥಾನದ ಊರು ಅದು. ಕತ್ತಲಲ್ಲಿ ನಿಮಗೆ ದಕ್ಕಿದ್ದು ಒಂದು ಬೀದಿದೀಪ, ಎಲ್ಲೋ ಒಂದು ನಾಯಿಯ ಬೊಗಳು, ಅಷ್ಟೇ. ಸೈಕಲ್ ದೀಪದ ಬೆಳಕು ಮುಂದಿನ ಚಕ್ರದೆದುರು ಚಾಪೆಯಗಲ ಬಿದ್ದಿದೆ. ಅದರ ಬಲ ಅಂಚಿಗೆ ಹೆದ್ದಾರಿಯ ಬಿಳಿ ಗೆರೆ. ನಿನ್ನೆ ಬೆಳಿಗ್ಗೆ ಆರಕ್ಕೆ ನೆಲಮಂಗಲದ ಬಳಿ ಹೊರಟಾಗಿನಿಂದ ಇದೇ ಗೆರೆ.

ಸಂಕ್ರಾಂತಿ ಕಳೆದು ವಾರವಾಗಿದೆ. ಮೂಡಗಾಳಿ ನೇರ ಎದೆಗೇ ಬೀಸುತ್ತಿದೆ. ಎರಡೂ ಕೈಯ ಕಿರುಬೆರಳು ಜೋಮು ಹಿಡಿದು ಯಾರದೋ ಬೆರಳಾಗಿವೆ. ಕುತ್ತಿಗೆ ಎತ್ತಿದರೆ ನೋವು, ಇಳಿಸಿದರೆ ನಿದ್ದೆ. ಸೀಟಿನ ಮೇಲೆ ಎಲ್ಲಿ ಕೂತರೂ ಅಲ್ಲಿ ಆಗಲೇ ಉರಿ ಹತ್ತಿದೆ. ರಸ್ತೆ ಪಕ್ಕದ ಹೊಲದಿಂದ ಸೊಗಡವರೆಯ ವಾಸನೆ ಒಂದು ಕ್ಷಣ ಮೂಗಿಗೆ ಬಡಿಯುತ್ತದೆ. ಬಾಯಲ್ಲಿ ನೀರೂರುವ ಹೊತ್ತಿಗೆ ಹಿಂದಿನಿಂದ ಬಂದ ಲಾರಿ ಅದನ್ನು ಡೀಸೆಲ್ ಹೊಗೆಯಲ್ಲಿ ಅದ್ದಿ ಹೋಗುತ್ತದೆ.

ಇದು ನಾನೂರು ಕಿಲೋಮೀಟರಿನ ಬ್ರೆವೆ, ಅಂದರೆ ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸೈಕಲ್ ಸವಾರಿ. ಭರಮಸಾಗರದ ತನಕ ಹೋಗಿ ಇದೇ ದಾರಿಯಲ್ಲಿ ವಾಪಸ್ ಬರಬೇಕು. ಕೊಟ್ಟಿರುವ ಸಮಯ 27 ಗಂಟೆ. ಇಲ್ಲಿ ಗೆಲ್ಲುವವರು, ಸೋಲುವವರು ಯಾರೂ ಇಲ್ಲ. ಜೇಬಿನಲ್ಲಿರುವ ಕಾರ್ಡಿಗೆ ದಾರಿಯ ಕಂಟ್ರೋಲ್‌ಗಳಲ್ಲಿ, ಅಂದರೆ ತಪಾಸಣೆಯ ಜಾಗಗಳಲ್ಲಿ, ಸಹಿ ಬೀಳಬೇಕು, ಒಂಬತ್ತರೊಳಗೆ ಅದನ್ನು ನೆಲಮಂಗಲದಲ್ಲಿ ಒಪ್ಪಿಸಬೇಕು. ನಡುದಾರಿಯಲ್ಲಿ ಹಿಂದೆ ಕಾರು ಬರುವಂತಿಲ್ಲ. ಪಂಕ್ಚರ್ ಆದರೆ ನೀವೇ, ಹಸಿದರೆ ನೀವೇ. ಹಿರಿಯೂರಿನ ಹತ್ತಿರ ಎರಡು ಟ್ಯೂಬು ಬಲಿ ಕೊಟ್ಟು ಮುಕ್ಕಾಲು ಗಂಟೆ ಕಳೆದುಕೊಂಡಿದ್ದೀರಿ. ಆದರೂ ಐದು ಗಂಟೆಗೂ ಮೇಲೆ ಸಮಯವಿದೆ, ಅರವತ್ತೈದು ಚಿಲ್ಲರೆ ಕಿಲೋಮೀಟರ್ ಉಳಿದಿದೆ. ಲೆಕ್ಕದಲ್ಲಿ ತೊಂದರೆಯಿಲ್ಲ. ತೊಂದರೆ ಇರುವುದು ರೆಪ್ಪೆಯಲ್ಲಿ.

ಇಯರ್‌ಫೋನ್ ಹ್ಯಾಂಡಲ್ ಚೀಲದಲ್ಲಿದೆ. ಕೈ ತಾನಾಗಿ ಜಿಪ್ಪಿನವರೆಗೆ ಹೋಗುತ್ತದೆ. ಒಂದೇ ಕಿವಿಗೆ ಹಾಕಿಕೊಂಡರೆ? ಎಡಕ್ಕೆ ಮಾತ್ರ, ಸಣ್ಣ ದನಿಯಲ್ಲಿ? ತುಮಕೂರಿನ ತನಕ ಮಾತ್ರ?

ಆಗಲೇ ಹಿಂದೆ ಒಂದು ಗುಂಯ್‌ಗುಡುವಿಕೆ ಏಳುತ್ತದೆ. ಬೆನ್ನು ಅದನ್ನು ಮೊದಲು ಕೇಳುತ್ತದೆ. ದಪ್ಪ, ಒಂದೇ ಸಮನೆ, ಕಿಣಿಕಿಣಿ ಏನೂ ಇಲ್ಲ: ತುಂಬಿದ ಲಾರಿ. ಖಾಲಿ ಲಾರಿಯಾಗಿದ್ದರೆ ಹಿಂದಿನ ಹಲಗೆಯ ಚೈನು ಫರ್ಲಾಂಗು ದೂರದಿಂದಲೇ ಕುಣಿಯುತ್ತಿತ್ತು. ಸದ್ದು ನಿಮ್ಮ ಸಾಲಿನಲ್ಲಿದೆಯೋ, ಬಲಕ್ಕೆ ಸರಿಯಿತೋ? ಸರಿಯಿತು. ಮೊಣಕೈ ಸಡಿಲ ಬಿಡಿ, ಹ್ಯಾಂಡಲ್ ಬಿಗಿ ಹಿಡಿಯಬೇಡಿ. ಮೊದಲು ಗಾಳಿ ನಿಮ್ಮನ್ನು ಎಡಕ್ಕೆ ನೂಕುತ್ತದೆ, ಲಾರಿಯ ಹಿಂಬದಿ ದಾಟುತ್ತಲೇ ಬಲಕ್ಕೆ, ತನ್ನತ್ತ ಎಳೆಯುತ್ತದೆ. ನೂಕು ಬರುತ್ತದೆಂದು ಗೊತ್ತಿದ್ದರೆ ಎಳೆತವನ್ನೂ ತಡೆಯಬಹುದು. ಗೊತ್ತಿಲ್ಲದಿದ್ದರೆ ಬಿಳಿ ಗೆರೆಯ ಆಚೆ ಬಿದ್ದಿರುತ್ತೀರಿ. ಜಿಪ್ಪು ಮುಚ್ಚಿಯೇ ಇರಲಿ.

ಲಾರಿ ಮುಂದೆ ಹೋದ ಮೇಲೆ ಹಿಂದಿನ ನಂಬರು ಕೆಂಪು ಬೆಳಕಿನಲ್ಲಿ ಕಾಣುತ್ತದೆ: ಕೆಎ 27. ಹಾವೇರಿ. ಮರುಕ್ಷಣ ಮೂಗಿಗೆ ಘಾಟು, ಕಣ್ಣಲ್ಲಿ ನೀರು, ಸಾಲು ಸೀನು. ಬ್ಯಾಡಗಿ ಮೆಣಸಿನಕಾಯಿ! ಜನವರಿ ಅಲ್ಲವೇ, ಮಾರುಕಟ್ಟೆ ಭರ್ತಿಯಿರುವ ಕಾಲ. ಹೀಗೆ ಒಂದು ಆಟ ಸಿಗುತ್ತದೆ. ಮುಂದಿನದು ಬರುವಾಗ ಸದ್ದಿನಿಂದ ಊಹಿಸಿ: ಲಾರಿಯೋ ಬಸ್ಸೋ, ತುಂಬಿದ್ದೋ ಖಾಲಿಯೋ, ಯಾವ ಜಿಲ್ಲೆ, ಯಾವ ಸರಕು. ಸರಿಯಾದರೆ ಒಂದು ಅಂಕ. ಈರುಳ್ಳಿಯನ್ನು ಮೂಗು ಹಿಡಿಯುತ್ತದೆ, 16 ಚಿತ್ರದುರ್ಗ, ಎರಡು ಅಂಕ. ಮೋಸ ಮಾಡಿದರೂ ಕೇಳುವವರಿಲ್ಲ. ಆದರೂ ಮಾಡುವುದಿಲ್ಲ, ಯಾಕೋ.

ರಸ್ತೆ ಖಾಲಿಯಾದಾಗ ಕಲ್ಲುಗಳಿವೆ. ಹಳದಿ ನೆತ್ತಿಯ ಕಿಲೋಮೀಟರ್ ಕಲ್ಲುಗಳ ನಡುವೆ ಇನ್ನೂರು ಮೀಟರಿಗೊಂದು ಗಿಡ್ಡ ಕಲ್ಲು. ಗಂಟೆಗೆ 18ರಂತೆ ಹೋದರೆ ಒಂದರಿಂದ ಇನ್ನೊಂದಕ್ಕೆ 40 ಸೆಕೆಂಡ್. ನಿಮಿಷಕ್ಕೆ 75 ಸುತ್ತಿನ ಪೆಡಲ್ ಅಂದರೆ ಸರಿಯಾಗಿ 50 ತುಳಿತ. ಎಣಿಸಿ. ಐವತ್ತಕ್ಕೆ ಕಲ್ಲು ಬಂದರೆ ಗಾಳಿ ತಗ್ಗಿದೆ, ಅರವತ್ತಾದರೆ ಗಾಳಿ ಏರಿದೆ ಅಥವಾ ನೀವು ಕಳ್ಳಾಟ ಆಡುತ್ತಿದ್ದೀರಿ. ಅರವತ್ತೈದು ಕಿಲೋಮೀಟರ್ ಎಂದರೆ ಎದೆ ಒಡೆಯುತ್ತದೆ, ಮುಂದಿನ ಗಿಡ್ಡ ಕಲ್ಲು ಎಂದರೆ ಒಡೆಯುವುದಿಲ್ಲ. ಇಪ್ಪತ್ತೈದು ಕಲ್ಲಿಗೊಂದು ಕಡಲೆಮಿಠಾಯಿ ಎಂದು ನಿಮಗೆ ನೀವೇ ಲಂಚ ಗೊತ್ತುಮಾಡಿ. ಅದನ್ನು ತಪ್ಪಿಸಬೇಡಿ. ಈ ಹೊತ್ತಿನಲ್ಲಿ ಬೇಸರವೆಂದು ತೋರುವುದರಲ್ಲಿ ಅರ್ಧ ಬರೀ ಹಸಿವು. ಬೆಲ್ಲ ನಾಲಗೆಗೆ ತಾಕಿ ಹತ್ತು ನಿಮಿಷಕ್ಕೆ, ಯಾಕಾದರೂ ಬಂದೆನಪ್ಪಾ ಎನ್ನುತ್ತಿದ್ದ ಮನಸ್ಸು ಸುಮ್ಮನಾಗುತ್ತದೆ.

ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು. ನಲವತ್ತೊಂದು. ಮೂವತ್ತೆಂಟು.

ಮೂವತ್ತೆಂಟು?

ಗರ್ರ್ ಎಂದು ಹಲ್ಲು ಕಟಕಟಿಸುತ್ತವೆ. ಹ್ಯಾಂಡಲ್ ಕೈಯಲ್ಲಿ ನಡುಗುತ್ತದೆ. ಕಣ್ಣು ಬಿಡುತ್ತೀರಿ, ಅಂದರೆ ಮುಚ್ಚಿತ್ತು. ಬಿಳಿ ಗೆರೆ ಬಲಕ್ಕಿಲ್ಲ, ಎಡಕ್ಕಿದೆ. ಹೆದ್ದಾರಿಯ ಒಳಗಿದ್ದೀರಿ. ಚಕ್ರದ ಕೆಳಗಿರುವುದು ವಾಹನಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡ ಬಳಿದ ಉಬ್ಬುಪಟ್ಟಿ. ಹಿಂದೆ? ಹಿಂದೆ ಸದ್ದಿದೆ. ದೂರವಿದೆ. ಎಡಕ್ಕೆ, ಎಡಕ್ಕೆ. ಕಾರು ಹಾರ್ನ್ ಒತ್ತಿಕೊಂಡೇ ಸಾಗಿಹೋಗುತ್ತದೆ. ಎದೆ ಗಂಟಲಲ್ಲಿ ಬಡಿದುಕೊಳ್ಳುತ್ತಿದೆ.

ಈಗ ನಿರ್ಧರಿಸಬೇಕು. ಹೆದರಿಕೆಗೆ ನಿದ್ದೆ ಹಾರಿದೆ ಎಂದು ಮನಸ್ಸು ಹೇಳುತ್ತದೆ. ಹೆದರಿಕೆ ಐದು ನಿಮಿಷದ್ದು, ನಿದ್ದೆ ಇಡೀ ರಾತ್ರಿಯದ್ದು. ಜೋರು ಹಾಡು ಹಾಕಿದರೆ ಎಚ್ಚರವಿರುತ್ತೀನಿ ಎಂದೂ ಅನ್ನಿಸುತ್ತದೆ. ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ 1990ರ ದಶಕದಲ್ಲಿ ತೂಕಡಿಸುವ ಚಾಲಕರ ಮೇಲೆ ಇದನ್ನೇ ಪರೀಕ್ಷಿಸಿದ್ದರು. ರೇಡಿಯೋ, ಮುಖಕ್ಕೆ ತಣ್ಣನೆ ಗಾಳಿ ಎರಡರ ಪರಿಣಾಮವೂ ಅತ್ಯಲ್ಪ, ಅದೂ ಸ್ವಲ್ಪವೇ ಹೊತ್ತು. ಫಲ ಕೊಟ್ಟದ್ದು ಕಾಫಿ ಕುಡಿದು ಕಾಲು ಗಂಟೆ ಕಣ್ಣು ಮುಚ್ಚುವುದು. ಕಾಫಿ ರಕ್ತಕ್ಕಿಳಿಯುವ ಹೊತ್ತಿಗೆ ಎದ್ದಿರುತ್ತೀರಿ.

ಬಸ್ ತಂಗುದಾಣವೊಂದು ಕಾಣುತ್ತದೆ. ನಿಲ್ಲಿಸುತ್ತೀರಿ. ಕಾಲು ನೆಲಕ್ಕೆ ತಾಕಿದಾಗ ನೆಲವೇ ತೇಲಿದಂತಾಗುತ್ತದೆ. ಶಿರಾದ ಢಾಬಾದಲ್ಲಿ ತುಂಬಿಸಿಕೊಂಡ ಫ್ಲಾಸ್ಕಿನಲ್ಲಿ ಕಾಫಿ ಉಗುರುಬೆಚ್ಚಗಿದೆ, ಪಾಕದಷ್ಟು ಸಿಹಿಯಿದೆ. ಗಟಗಟ ಕುಡಿದು ಕಲ್ಲುಬೆಂಚಿನ ಮೇಲೆ ಉರುಳುತ್ತೀರಿ. ಬೆನ್ನಿಗೆ ಕೊರೆಯುವ ಚಳಿ, ತಲೆಯ ಕೆಳಗೆ ಹೆಲ್ಮೆಟ್ಟು. ಅಲಾರಂ ಇಟ್ಟಿರಾ? ಇಟ್ಟಿದ್ದೀರಿ. ಇನ್ನೊಮ್ಮೆ ನೋಡುತ್ತೀರಿ. ಇಲ್ಲಿ ಏಳದೇ ಹೋದರೆ ಕಾರ್ಡು ವ್ಯರ್ಥ, ಮಲಗದೇ ಹೋದರೆ

ಅಲಾರಂ.

ಬಾಯಿ ಒಣಗಿದೆ, ಮೈ ಮರದ ಕೊರಡಾಗಿದೆ, ಆದರೆ ತಲೆಯೊಳಗೆ ಯಾರೋ ಕಸ ಗುಡಿಸಿಟ್ಟು ಹೋಗಿದ್ದಾರೆ. ಮೊದಲ ಹತ್ತು ತುಳಿತಕ್ಕೆ ಮಂಡಿ ಕಿರುಗುಟ್ಟುತ್ತದೆ. ಆಮೇಲೆ ಚೈನಿನ ಸರಸರ ಒಂದೇ ಲಯಕ್ಕೆ ಬೀಳುತ್ತದೆ, ಉಸಿರು ಅದರ ಜೊತೆ ಸೇರುತ್ತದೆ. ನಿಮಗೇ ತಿಳಿಯದೆ ಗಂಟಲು ಏನೋ ಗುನುಗುತ್ತಿದೆ. ಯಾವ ಹಾಡೂ ಅಲ್ಲ; ಮುಂದಿನ ಕಲ್ಲಿನ ನಂಬರು, ಹೋದ ಲಾರಿಯ ಊರು, ಮಂಡಿ ನೋವಿಗೆ ಒಂದು ಬೈಗುಳ, ಎಲ್ಲ ಸೇರಿಸಿ ಹೊಸೆದದ್ದು. ಹಿಂದೆ ಇದೇ ಜಾವದಲ್ಲಿ, ಇದೇ ಸೀಮೆಯ ಮನೆಗಳಲ್ಲಿ ಹೆಂಗಸರು ಎದ್ದು ರಾಗಿ ಬೀಸುತ್ತಿದ್ದರು. ಕಲ್ಲು ಸುತ್ತುವ ಲಯಕ್ಕೆ ಪದ ಕಟ್ಟುತ್ತಿದ್ದರು. ತೋಳಿನ ದುಡಿಮೆಯಿಂದಲೇ ಹಾಡು ಬರುತ್ತಿತ್ತು, ಅತ್ತೆ, ತವರು, ದೇವರು ಎಲ್ಲರೂ ಅದರಲ್ಲಿ ಬಂದುಹೋಗುತ್ತಿದ್ದರು. ಕೆಲಸ ಒಂದು ಕಡೆ, ಮನರಂಜನೆ ಇನ್ನೊಂದು ಕಡೆ ಎಂಬ ಏರ್ಪಾಡು ಬಂದದ್ದು ಆಮೇಲೆ. ಜೋರಾಗಿಯೇ ಹಾಡಿ. ಅಪಸ್ವರಕ್ಕೆ ಹೆದ್ದಾರಿಯಲ್ಲಿ ದಂಡವಿಲ್ಲ.

ವಸಂತನರಸಾಪುರದ ಕೈಗಾರಿಕಾ ದೀಪಗಳು ಹಿಂದಾಗಿವೆ. ಐದೂ ಕಾಲು. ಕತ್ತಲು ಇನ್ನೂ ಗಟ್ಟಿಯಾಗಿಯೇ ಇದೆ, ಹೊಲದ ಮೇಲೆ ಮಂಜು. ನಿಮ್ಮ ದೀಪ ಮಂಜಿಗೆ ಬಡಿದು ನಿಮ್ಮ ಮುಖಕ್ಕೇ ವಾಪಸ್ ಬರುತ್ತಿದೆ.

ಟಣ್.

ಏನದು? ಹಾಡು ನಿಲ್ಲುತ್ತದೆ. ಟಣ್, ಟಣ್. ಲೋಹಕ್ಕೆ ಲೋಹ. ಹಿಂದಿನಿಂದಲ್ಲ, ಮುಂದಿನಿಂದ. ಮುಂದೆ ದೀಪವೇ ಇಲ್ಲವಲ್ಲ! ಅದರ ಹಿಂದೆಯೇ ಪಟಪಟ ಇಂಜಿನ್. ನಿಮ್ಮ ಅಂಚಿನಲ್ಲೇ. ನಿಮ್ಮೆದುರಿಗೇ. ಬ್ರೇಕು. ಎಡಕ್ಕೆ. ಡಾಂಬರು ಮುಗಿಯಿತು, ಜಲ್ಲಿ, ಹಿಂದಿನ ಚಕ್ರ ಜಾರಿತು, ಕಾಲು ಊರಿದಿರಿ. ಮಂಜಿನಿಂದ ಒಂದು ಮೊಪೆಡ್ ಹೊರಬರುತ್ತದೆ, ಎರಡೂ ಕಡೆ ಹಾಲಿನ ಕ್ಯಾನು, ತಲೆಗೆ ಮಫ್ಲರ್, ದೀಪ ಸತ್ತಿದೆ. ಮೊಣಕೈಯಿಂದ ಒಂದು ಗೇಣು ದೂರದಲ್ಲಿ ಬಿಸಿ ಹಾದುಹೋಗುತ್ತದೆ. ಹಸಿ ಹಾಲಿನ ವಾಸನೆ.

“ನೋಡ್ಕೊಂಡ್ ಹೋಗಣ್ಣಾ!” ಎಂದು ಆತನೇ ಕೂಗುತ್ತಾನೆ, ರಾಂಗ್ ಸೈಡಿನಿಂದ.

ನೋಡಿಕೊಂಡಿದ್ದರೆ ಸಾಕಾಗುತ್ತಿರಲಿಲ್ಲ. ಕೈ ನಡುಗುವುದು ನಿಲ್ಲುವವರೆಗೆ ಜಲ್ಲಿಯ ಮೇಲೆ ನಿಂತಿರುತ್ತೀರಿ. ಆ ಕ್ಯಾನುಗಳು ಟಣ್ ಎನ್ನದೇ ಇದ್ದಿದ್ದರೆ ಎಂಬ ಯೋಚನೆಯನ್ನು ತುಮಕೂರು ದಾಟುವ ತನಕ ಮುಂದೂಡುತ್ತೀರಿ.

ಕ್ಯಾತ್ಸಂದ್ರದಲ್ಲಿ ಹೋಟೆಲಿನ ಬಾಗಿಲು ಅರ್ಧ ತೆರೆದಿದೆ. ಹಬೆ ಬೀದಿಗೆ ಬಂದು ನಿಮ್ಮ ಕನ್ನಡಕ ಮಂಕಾಗಿಸುತ್ತದೆ. ತಟ್ಟೆ ಇಡ್ಲಿ ಎಲೆಯ ಮೇಲೆ ಬೀಳುತ್ತದೆ, ಅದರ ನೆತ್ತಿಯ ಮೇಲೆ ಬೆಣ್ಣೆ ಕರಗಿ ಅಂಚಿನತ್ತ ಹರಿಯುತ್ತದೆ. ಜೋಮು ಹಿಡಿದ ಬೆರಳಿಗೆ ಮೊದಲು ಬಿಸಿ ಗೊತ್ತಾಗುವುದಿಲ್ಲ, ಆಮೇಲೆ ಒಮ್ಮೆಲೇ ಗೊತ್ತಾಗುತ್ತದೆ.

“ಎಲ್ಲಿಂದ ಬಂದ್ರಿ ಸಾರ್?”

“ಭರಮಸಾಗರದಿಂದ.”

ಇಡ್ಲಿ ಬಡಿಸಿದಾತ ಸೈಕಲ್ ನೋಡುತ್ತಾನೆ, ನಿಮ್ಮನ್ನು ನೋಡುತ್ತಾನೆ. “ಯಾಕೆ, ಬಸ್ ಸಿಗ್ಲಿಲ್ವಾ?”

ಪಕ್ಕದ ಮೇಜಿನಿಂದ ನಗು. ನಿಮ್ಮಂತೆಯೇ ಹೊಳೆಯುವ ಜಾಕೆಟ್ ತೊಟ್ಟ, ಐವತ್ತು ದಾಟಿದ ಸವಾರರೊಬ್ಬರು ಎರಡನೇ ಇಡ್ಲಿ ಮುಗಿಸುತ್ತಿದ್ದಾರೆ. “ಬನ್ನಿ ಸಾರ್, ಜೊತೆಗೆ ಹೋಗೋಣ. ಸರ್ವೀಸ್ ರೋಡಲ್ಲಿ ಮಾತಾಡ್ಕೊಂಡು ಹೋದ್ರೆ ದಾರಿ ಸವೆಯುತ್ತೆ.” ಅವರಿಗೆ ಒಂದು ಸೈಟಿನ ವ್ಯಾಜ್ಯವಿದೆಯಂತೆ, ತಮ್ಮನ ಜೊತೆ. ಊರ ಗೇಟು ದಾಟುವಾಗ ಅಪ್ಪನ ವಿಲ್ ಬಂದಿದೆ, ಹಿರೇಹಳ್ಳಿಯ ಹತ್ತಿರ ಎರಡನೇ ವಕೀಲ ಬಂದಿದ್ದಾನೆ. ನೀವು ಪ್ರಶ್ನೆ ಕೇಳುತ್ತಿದ್ದೀರಿ, ತಮ್ಮನ ಪರವಾಗಿ ವಾದಿಸುತ್ತಲೂ ಇದ್ದೀರಿ. ಕಲ್ಲು ಎಣಿಸುವುದು ಯಾವಾಗಲೋ ಬಿಟ್ಟುಹೋಗಿದೆ. ದಾಬಸ್‌ಪೇಟೆ ಬರುತ್ತದೆ, ಬಲಕ್ಕೆ ಶಿವಗಂಗೆಗೆ ಬಿಸಿಲು ಹತ್ತಿದೆ, ಕೇಸು ಇನ್ನೂ ಕೆಳಕೋರ್ಟಿನಲ್ಲೇ ಇದೆ.